ಫೆಬ್ರವರಿಯ ಮಳೆ: ಗೆಳೆಯನಿಗೊಂದು ಪತ್ರ

ಮಾರಾಯ,

ನಿಂಗೊಬ್ಬನಿಗೆ ಕಳಿಸಿದ್ದ ಫೋಟೋ ನೋಡಿ "ಯಾವ ಫಾರಿನ್ನೋ ಇದು" ಅಂತ ಕೇಳಿದ್ದೆ, ನಾನು ಉತ್ತರ ಕೊಟ್ಟಿರ್ಲಿಲ್ಲ. ಫಾರಿನ್ನೂ ಇಲ್ಲ ಎಂತದೂ ಇಲ್ಲ, ನಮ್ಮ ಸೇಂಟ್ ಮೇರೀಸೇ. ನಿನ್ನ ಎಡಗಾಲಿನ ಚಪ್ಪಲಿ ಎಲ್ಲಿದೆಯೋ ಅದೇ ದ್ವೀಪ.

ಜನವರಿ ಪೂರ್ತಿ ಆಫೀಸಲ್ಲಿ ಹೇಗಿತ್ತು ಅಂತ ನಿಂಗೆ ಗೊತ್ತು, ಶನಿವಾರನೂ ಕಾಲ್, ಭಾನುವಾರನೂ ಕಾಲ್, ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತಾಗಲೂ ಕಾಲ್. ಎಲ್ಲ ಮುಗಿದ ಮೇಲೆ ಇವಳು ಅಂದ್ಲು, ಎರಡು ದಿನ ಎಲ್ಲಾದ್ರೂ ಕಡಲ ಹತ್ರ ಸುಮ್ನೆ ಇದ್ದು ಬರೋಣ ಅಂತ. ಮಲ್ಪೆಯಿಂದ ಸೇತುವೆ ದಾಟಿದ್ರೆ ಪಡುಕೆರೆ ಸಿಗತ್ತಲ್ಲ, ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆ, ಅಲ್ಲೊಂದು ರೆಸಾರ್ಟ್ ಬುಕ್ ಮಾಡ್ದೆ. ಶುಕ್ರವಾರ ಕತ್ತಲಿರುವಾಗಲೇ ಬೆಂಗಳೂರು ಬಿಟ್ಟು ಹಾಸನದಲ್ಲಿ ತಿಂಡಿ, ಶಿರಾಡಿ ಇಳಿದು ಮಧ್ಯಾಹ್ನದ ಊಟಕ್ಕೆ ಬಂಗುಡೆ ಪುಳಿಮುಂಚಿ. ಊಟ ಆಗಿ ತೆಂಗಿನ ಮರಕ್ಕೆ ಕಟ್ಟಿದ್ದ ಜೋಲಿಯಲ್ಲಿ ಮಲಗಿದವನು ಎದ್ದಾಗ ಸೂರ್ಯ ಮುಳುಗ್ತಾ ಇತ್ತು. ನಿಜವಾಗಿ ಹೇಳ್ತೀನಿ, ಎಷ್ಟೋ ತಿಂಗಳ ಮೇಲೆ ಅಂಥ ನಿದ್ದೆ.

ಶನಿವಾರ ಮಲ್ಪೆಯಿಂದ ಬೋಟಲ್ಲಿ ದ್ವೀಪಕ್ಕೆ ಹೋದ್ವಿ. ಮಗಳಿಗೆ ಆ ಕಲ್ಲುಕಂಬಗಳು ಎಷ್ಟು ಇಷ್ಟ ಆದ್ವು ಅಂದ್ರೆ ಒಂದೊಂದರ ಮೂಲೆ ಎಣಿಸ್ತಾ ಕೂತ್ಲು, ಆರು ಬಂದ್ರೆ ಚಪ್ಪಾಳೆ, ಐದು ಬಂದ್ರೆ ನನ್ನ ಕರೆದು ಕಂಪ್ಲೇಂಟು. ಯಾರು ಕೆತ್ತಿದ್ದು ಅಂತ ಕೇಳಿದ್ಲು. ಯಾರೂ ಕೆತ್ತಿಲ್ಲ ಪುಟ್ಟಿ, ಇದು ಲಾವಾ, ತಣ್ಣಗಾಗ್ತಾ ಕುಗ್ಗಿ ಬಿರುಕು ಬಿಟ್ಟಿದ್ದು, ಅಜ್ಜಿ ಮನೆ ಗದ್ದೆ ಬೇಸಿಗೆಯಲ್ಲಿ ಬಿರಿಯತ್ತಲ್ಲ ಹಾಗೆ ಅಂದೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮಗೆ ಅಂಟಿಕೊಂಡೇ ಇತ್ತು, ಅದು ಕಿತ್ತುಕೊಂಡು ಹೋಗುವಾಗ ಉಕ್ಕಿದ ಬೆಂಕಿ ಇದು ಅಂತಾನೂ ಹೇಳ್ದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಅನ್ನೋ ಕತೆಗೆ ಅವಳು ಕಿವಿನೇ ಕೊಡ್ಲಿಲ್ಲ, ಅಷ್ಟರಲ್ಲಿ ಚಿಪ್ಪು ಹೆಕ್ಕೋಕೆ ಹೋಗಿದ್ಲು. ಆ ಕಡೆ ಮರಳು ಕಮ್ಮಿ, ಪೂರ್ತಿ ಚಿಪ್ಪೇ. ಸಣ್ಣ ಕಂದು ಗೆರೆಯ ಒಂದು ಚಿಪ್ಪು ಜೇಬಿಗೆ ಹಾಕ್ಕೊಂಡ್ಲು. ರಾತ್ರಿ ಅಲ್ಲಿ ಉಳಿಯೋ ಹಾಗಿಲ್ಲ, ಸಂಜೆ ಎಲ್ಲರನ್ನೂ ಬೋಟ್ ಹತ್ತಿಸಿ ವಾಪಸ್ ಕರ್ಕೊಂಡು ಬಂದ್ರು.

ಇಲ್ಲಿವರೆಗೆ ಬರೆದು ನಿಲ್ಲಿಸೋಣ ಅಂತಾನೇ ಇದ್ದೆ.

ಅವತ್ತು ರಾತ್ರಿ ಅಮ್ಮನ ಫೋನ್ ಬಂತು. ನಾನು ರೂಮಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಊಟ ಆಯ್ತಾ, ಪುಟ್ಟಿ ಮಲಗಿದ್ಲಾ, ಎಲ್ಲ ಕೇಳಿ ಆದ ಮೇಲೆ, "ಅದೆಂತ ಮಗಾ ಶಬ್ದ, ಅಲ್ಲಿ ಮಳೆಯಾ?" ಅಂದ್ರು. ನಾನು "ಹೌದಮ್ಮ, ಜೋರು ಮಳೆ" ಅಂದೆ. ಫೆಬ್ರವರಿಯಲ್ಲಿ. "ಬಟ್ಟೆ ಒಳಗೆ ತಕೊಂಡ್ರಾ?" ಅಂತ ಕೇಳಿದ್ರು. ತಗೊಂಡ್ವಿ ಅಂದೆ.

ಅಮ್ಮ ಇರೋ ನಮ್ಮ ಮನೆ ಅಲ್ಲಿಂದ ಎಷ್ಟು ದೂರ ಅಂತ ನಿಂಗೆ ನಾನು ಹೇಳ್ಬೇಕಾ, ಸೈಕಲಲ್ಲಿ ಎಷ್ಟು ಸಲ ಮಲ್ಪೆಗೆ ಹೋಗಿಲ್ಲ ನಾವು. ಇಪ್ಪತ್ತು ಕಿಲೋಮೀಟರ್ ಅಷ್ಟೇ. ಭಾನುವಾರ ಬೆಳಿಗ್ಗೆ ವಾಕಿಂಗ್ ಹೋಗಿದ್ದಾಗ ದಾರಿಯಲ್ಲಿ ಮಟ್ಟುಗುಳ್ಳ, ಅದೇ ನಮ್ಮ ಕಡೆಯ ಬದನೆಕಾಯಿ, ರಾಶಿ ಹಾಕ್ಕೊಂಡು ಕೂತಿದ್ರು, ಕೈ ತನ್ನಷ್ಟಕ್ಕೆ ಎಳೆಯದು ನೋಡಿ ಆರಿಸ್ತಾ ಇತ್ತು, ಅಮ್ಮನಿಗೆ ಬಜ್ಜಿಗೆ ಅಂತ. ದುಡ್ಡು ಕೊಡುವಾಗ ನೆನಪಾಯ್ತು. ಆ ಗುಳ್ಳ ಇಲ್ಲಿ ನಮ್ಮ ಫ್ರಿಜ್ಜಲ್ಲಿ ಎಂಟು ದಿನ ಇತ್ತು, ಯಾರೂ ಮುಟ್ಟಲಿಲ್ಲ. ಹೊರಡುವಾಗ ಕರಾವಳಿ ಬೈಪಾಸ್ ಸಿಗ್ನಲ್, ಎಡಕ್ಕೆ ಕುಂದಾಪುರದ ರಸ್ತೆ, ನಮ್ಮ ಬ್ರಹ್ಮಾವರ, ಬಲಕ್ಕೆ ಮಂಗಳೂರು. ಇವಳು ನನ್ನ ಮುಖ ನೋಡಿದ್ಲು, ಏನೂ ಅನ್ಲಿಲ್ಲ. ಬಲಕ್ಕೆ ತಿರುಗಿಸ್ದೆ. ಹಿಂದಿನ ಸೀಟಲ್ಲಿದ್ದ ಮಗಳಿಗೆ, ಅಜ್ಜಿಗೆ ಹೇಳ್ಬೇಡ ಪುಟ್ಟಿ, ಬೇಜಾರಾಗ್ತಾರೆ, ಅಂದೆ. ಅವಳು ತಲೆ ಆಡಿಸಿದ್ಲು.

ಮೊನ್ನೆ ವಿಡಿಯೋ ಕಾಲಲ್ಲಿ ಅವಳು ಖುಷಿಯಲ್ಲಿ ಆ ಚಿಪ್ಪು ತಂದು ಅಜ್ಜಿಗೆ ತೋರಿಸಿಬಿಟ್ಲು. "ಚಂದ ಉಂಟಲ್ಲ, ಎಲ್ಲಿ ಸಿಕ್ತು?" ಅಂದ್ರು ಅಮ್ಮ. ನನ್ನ ಎದೆ ಧಸಕ್ ಅಂತು. ಮಗಳು ನನ್ನ ಕಡೆ ತಿರುಗಿಯೂ ನೋಡದೆ, ಒಂದು ಕ್ಷಣವೂ ತಡ ಮಾಡದೆ, "ಅಪ್ಪನ ಆಫೀಸಲ್ಲಿ ಕೊಟ್ರು" ಅಂದ್ಲು. ಆರು ವರ್ಷ ಅವಳಿಗೆ. ನಾನು ಹೇಳಿಕೊಟ್ಟಿದ್ದು ಹೇಳ್ಬೇಡ ಅಂತ ಮಾತ್ರ, ಉಳಿದದ್ದು ಅವಳೇ ಕಲಿತ್ಲು. ಹುಟ್ಟಿದಾಗಿಂದ ಆ ಕಡಲ ಬದಿಯಲ್ಲೇ ಇರುವ ನಮ್ಮಮ್ಮನಿಗೆ ಆ ಚಿಪ್ಪು ಯಾವ ದಂಡೆದು ಅಂತ ಗೊತ್ತಾಗಲ್ವಾ? ಸ್ವಲ್ಪ ಹೊತ್ತು ಸ್ಕ್ರೀನ್ ಹತ್ರ ಮುಖ ತಂದು ನೋಡಿದ್ರು. ಆಮೇಲೆ "ಜೋಪಾನ ಮಾಡಿಡು ಮಗಾ" ಅಂದ್ರು. ಮಳೆ ಬಗ್ಗೆಯೂ ಮತ್ತೆ ಕೇಳ್ಲಿಲ್ಲ.

ಯಾಕೆ ಹೋಗ್ಲಿಲ್ಲ ಅಂತ ನೀನು ಕೇಳ್ತೀಯ. ಮನೆಗೆ ಹೋದ್ರೆ ಹಂಚು ಜಾರಿದೆ, ಬಾವಿ ಪಂಪು ಕೆಟ್ಟಿದೆ, ಜಾಗದ ಪಾಲಿನ ಮಾತು, ರೆಸ್ಟ್ ಸಿಗಲ್ಲ ಅಂತ ಇವಳಿಗೆ ಹೇಳಿದ್ದೆ. ಅದು ಸುಳ್ಳಲ್ಲ, ಆದ್ರೆ ಅದೇ ಕಾರಣ ಅಲ್ಲ ಕಣೋ. ದೀಪಾವಳಿಗೆ ಹೋದಾಗ ಅಮ್ಮ ನೆಲದಿಂದ ಏಳೋಕೆ ಗೋಡೆ ಹಿಡ್ಕೊಂಡ್ರು, ಎದ್ದು ನಿಂತು ಒಂದು ನಿಮಿಷ ಹಾಗೇ ಕಣ್ಣು ಮುಚ್ಚಿಕೊಂಡಿದ್ರು. ನಾನು ಬಾಗಿಲಲ್ಲೇ ಇದ್ದೆ. ಹೋಗಿ ಕೈ ಹಿಡಿಯಲಿಲ್ಲ, ಮೊಬೈಲ್ ನೋಡಿದ ಹಾಗೆ ಮಾಡ್ದೆ. ನಾನು ನೋಡಿಲ್ಲ ಅಂದ್ರೆ ಅದು ಆಗ್ಲೇ ಇಲ್ಲ ಅನ್ನೋ ಹಾಗೆ. ಅವತ್ತಿಂದ ಆ ಮನೆಗೆ ಹೋಗೋಕೆ ಭಯ ನಂಗೆ. ಇದನ್ನ ಇವಳಿಗೂ ಹೇಳಿಲ್ಲ, ಈಗ ಇಲ್ಲಿ ಎಲ್ಲರ ಮುಂದೆ ಬರೀತಿದೀನಿ. ನಮ್ಮ ಚಿಕ್ಕಮ್ಮ ನಾನು ಬರೆದಿದ್ದೆಲ್ಲ ಓದ್ತಾರೆ. ಓದಿ ಅಮ್ಮನಿಗೆ ಹೇಳಿದ್ರೆ ಹೇಳ್ಲಿ, ನನ್ನ ಬಾಯಲ್ಲಿ ಬರ್ತಿಲ್ಲ.

ಸಾಕು ಬಿಡು, ನಿನ್ನ ಬೆಳಿಗ್ಗೆನೂ ಹಾಳು ಮಾಡೋದು ಬೇಡ. ಬರೋ ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ನೋಡ್ತಾ ಇದೀನಿ, ಬ್ರಹ್ಮಾವರಕ್ಕೆ, ನಾನೂ ಮಗಳೂ. ನಿನ್ನ ಆ ಹದಿನೇಳನೇ ನಂಬರ್ ಸೀಟು ಇನ್ನೂ ಖಾಲಿ ಉಂಟು. ಬರ್ತೀಯಾ ಹೇಳು, ಈಗ್ಲೇ ಹಾಕಿಬಿಡ್ತೀನಿ. ಅಮ್ಮ ನೀರುದೋಸೆ ಮಾಡ್ತಾರೆ, ನಿಂಗೆ ಲೆಕ್ಕ ಇಡೋರು ಯಾರೂ ಇಲ್ಲ. ಎರಡೂ ಚಪ್ಪಲಿ ಹಾಕ್ಕೊಂಡು ಬಾ.