ಅಪ್ಪನ ರಿಪೋರ್ಟ್ ಬಂದಿದೆ, ಎಲ್ಲರಿಗೂ ನಮಸ್ಕಾರ

ಅಪ್ಪನ ಸ್ಟ್ರೆಸ್ ಸ್ಕ್ಯಾನ್ (ನಡೆಸಿಯೋ ಔಷಧಿ ಕೊಟ್ಟೋ ಹೃದಯಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡುವ ಪರೀಕ್ಷೆ) ರಿಪೋರ್ಟ್ ನಾರ್ಮಲ್ ಬಂದಿದೆ. ಸದ್ಯಕ್ಕೆ ಹಾರ್ಟ್ ಅಟ್ಯಾಕ್ ಆಗುವ ಅಪಾಯ ಕಡಿಮೆ ಎಂದು ಡಾಕ್ಟರ್ ಹೇಳಿದ್ದಾರೆ. ಪೇಸ್‌ಮೇಕರ್ (ಎದೆಬಡಿತ ಸರಿಯಾಗಿ ನಡೆಸುವ ಪುಟ್ಟ ಯಂತ್ರ) ಇರುವ ಅಪ್ಪನಿಗೆ ಎದೆನೋವು ಬಂದು ಆಸ್ಪತ್ರೆಗೆ ಓಡಿದ್ದು ನಿಮಗೆ ಗೊತ್ತೇ ಇದೆ, ಎಲ್ಲವನ್ನೂ ಮತ್ತೆ ಬರೆಯುವುದಿಲ್ಲ. ಹಾಸನದ ಚಿಕ್ಕಮ್ಮ, ತೋಟದ ಕೆಲಸ ನಿಲ್ಲದಂತೆ ನೋಡಿಕೊಂಡ ಭಾವ, ದಿನಾ ಫೋನ್ ಮಾಡಿದ ಗೆಳತಿಯರು, ನಿಮಗೆಲ್ಲ ತುಂಬಾ ಥ್ಯಾಂಕ್ಸ್.

ಪಕ್ಕದ ಮನೆಯ ಮೇಷ್ಟ್ರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಅಪ್ಪನಿಗೆ ಎದೆನೋವು ಬಂದ ರಾತ್ರಿ ಮೂಡಿಗೆರೆಯಲ್ಲಿ ಜಡಿಮಳೆ, ಕರೆಂಟ್ ಇಲ್ಲ. ಕೂಗಿದ ಕೂಡಲೇ ಮೇಷ್ಟ್ರು ಕಾರು ತೆಗೆದರು. ಬೇಲೂರು ದಾಟಿ ಹಾಸನ ಸೇರುವವರೆಗೂ ಅಪ್ಪನನ್ನು ಮಾತಾಡಿಸುತ್ತಲೇ ಇದ್ದರು. ಅಲ್ಲಿ ಇಸಿಜಿ ತೆಗೆದರೂ ಏನೂ ಗೊತ್ತಾಗಲಿಲ್ಲ. ಪೇಸ್‌ಮೇಕರ್ ಬಡಿಸುವ ಹೃದಯದ ಇಸಿಜಿ ಮೊದಲೇ ಬೇರೆ ಥರ ಇರುತ್ತದೆ, ಅದನ್ನು ನೋಡಿ ಅಟ್ಯಾಕ್ ಹೌದೋ ಅಲ್ಲವೋ ಹೇಳುವುದು ಕಷ್ಟವಂತೆ. ರಕ್ತಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಬೇಕು, ಕಾಯಿರಿ ಎಂದರು.

ಆ ಕಾಯುವ ಹೊತ್ತು ನನ್ನ ಕೈಲಿ ಆಗಲಿಲ್ಲ. "ಅಪ್ಪ ಹೋಗಿಬಿಟ್ಟರೆ ನಾನೇನು ಮಾಡಲಿ" ಎಂದು ಜೋರಾಗಿ ಅತ್ತುಬಿಟ್ಟೆ. ಏನೂ ಆಗಲ್ಲ ಎಂದು ಮೇಷ್ಟ್ರು ಸುಮ್ನೆ ಹೇಳಲಿಲ್ಲ. "ನಂಗೂ ಗೊತ್ತಿಲ್ಲಮ್ಮ. ಬೆಳಗಾಗೋವರೆಗೂ ಇಲ್ಲೇ ಇರ್ತೀನಿ" ಎಂದರು. ಇದ್ದರು ಕೂಡ. ಆ ರಾತ್ರಿ ನನಗೆ ಬೇಕಾಗಿದ್ದದ್ದು ಅಷ್ಟೇ.

ಸ್ಕ್ಯಾನ್‌ಗೆ ಮಂಗಳೂರಿಗೂ ಅವರೇ ಬಂದರು. ಟ್ರೆಡ್‌ಮಿಲ್ ಮೇಲೆ ಯಾಕೆ ನಡೆಸುವುದಿಲ್ಲ ಎಂದು ಡಾಕ್ಟರನ್ನು ಕೇಳಿದ್ದೂ ಅವರೇ. ಪೇಸ್‌ಮೇಕರ್ ಇದ್ದವರ ಬಡಿತ ಜೋರಾದರೆ, ಹೃದಯದ ನಡುಗೋಡೆಗೆ ರಕ್ತ ಕಡಿಮೆ ಇದ್ದಂತೆ ಚಿತ್ರದಲ್ಲಿ ತಪ್ಪಾಗಿ ಕಾಣಬಹುದಂತೆ. ಅದಕ್ಕೇ ರಕ್ತನಾಳ ಹಿಗ್ಗಿಸುವ ಔಷಧಿ ಕೊಟ್ಟು ಚಿತ್ರ ತೆಗೆದರು. ಆ ಔಷಧಿ ಕೆಲಸ ಮಾಡಬೇಕಾದರೆ ಹಿಂದಿನ ದಿನದಿಂದಲೇ ಕಾಫಿ, ಟೀ ಬಿಡಬೇಕು. ಹುಟ್ಟಿದಾಗಿನಿಂದ ಕಾಫಿ ತೋಟದಲ್ಲೇ ಇರುವ ಅಪ್ಪನಿಗೆ ಅದು ದೊಡ್ಡ ಶಿಕ್ಷೆ. ಅವರಿಗೆ ಬೇಜಾರಾಗಬಾರದೆಂದು ಮೇಷ್ಟ್ರೂ ಲೋಟ ಮುಟ್ಟಲಿಲ್ಲ.

ನಿಮ್ಮ ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಅದರ ವಿವರ ಇರುವ ಕಾರ್ಡ್ ಸದಾ ಅವರ ಜೇಬಲ್ಲಿರಲಿ. ಎದೆನೋವು ಬಂದರೆ ಕಾಯಬೇಡಿ. ಆಸ್ಪತ್ರೆಯಲ್ಲಿ ಮೊದಲು ಆ ಕಾರ್ಡ್ ತೋರಿಸಿ.

ಮೇಷ್ಟ್ರೇ, ಎದುರಿಗೆ ಹೇಳಲು ಬಂದರೆ ನೀವು ಮಾತು ಬದಲಿಸುತ್ತೀರಿ, ಅದಕ್ಕೇ ಎಲ್ಲರೆದುರು ಬರೆದಿದ್ದೇನೆ. ಭಾನುವಾರ ಅಮ್ಮ ಕಡುಬು ಮಾಡುತ್ತಾರೆ. ಟೀಚರಮ್ಮನನ್ನೂ ಕರೆದುಕೊಂಡು ಬನ್ನಿ.