ಕತೆಯ ಜೊತೆಗೆ ‘ಅಂತೆ’ಯೂ ಇರಲಿ: ಊರ ಇತಿಹಾಸ ಕಲಿಸುವ ಬಗ್ಗೆ ಒಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು (ಆಡಳಿತ),
ಶಾಲಾ ಶಿಕ್ಷಣ ಇಲಾಖೆ, ಗದಗ

ಮಾನ್ಯರೇ,

ಬರುವ ಶೈಕ್ಷಣಿಕ ವರ್ಷದಿಂದ ಗದಗ ಜಿಲ್ಲೆಯ ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ತಿಂಗಳಿಗೆ ಒಂದು ಅವಧಿಯನ್ನು ಊರ ಇತಿಹಾಸದ ಕತೆಗೆ ಕೊಡಬೇಕೆಂದು ಕೇಳಿಕೊಳ್ಳಲು ಈ ಪತ್ರ. ಹೊಸ ಸಮಯ ಹುಡುಕಬೇಕಾಗಿಲ್ಲ. ಮಕ್ಕಳು ಚೀಲವಿಲ್ಲದೆ ಬರುವ ಸಂಭ್ರಮ ಶನಿವಾರದ ನಲವತ್ತು ನಿಮಿಷ ಸಾಕು. ಆದರೆ ಇದು ಕತೆ ಹೇಳುವ ಸ್ಪರ್ಧೆ ಆಗಬಾರದು. ಸ್ಪರ್ಧೆಯಾದರೆ ದನಿ ಏರಿಸಿ ಕೈ ಬೀಸುವ ಮಗುವಿಗೆ ಬಹುಮಾನ ಸಿಗುತ್ತದೆ, ಉಳಿದವರು ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ, ಇತಿಹಾಸ ಯಾರಿಗೂ ಸಿಗುವುದಿಲ್ಲ.

ರಾಜ್ಯಕ್ಕೆಲ್ಲ ಒಂದೇ ಸಮಾಜ ವಿಜ್ಞಾನ ಪುಸ್ತಕ. ಅದರಲ್ಲಿ ಡಂಬಳಕ್ಕೆ, ಲಕ್ಷ್ಮೇಶ್ವರಕ್ಕೆ, ಕಣಗಿನಹಾಳಕ್ಕೆ ಒಂದೊಂದು ಪುಟ ಸಿಗುವುದು ಸಾಧ್ಯವಿಲ್ಲ, ಅದು ಪುಸ್ತಕದ ತಪ್ಪೂ ಅಲ್ಲ. ಆ ಜಾಗವನ್ನು ತುಂಬಬೇಕಾದವರು ಶಿಕ್ಷಕರು. ಅವರಿಗೆ ಕತೆ ಗೊತ್ತಿಲ್ಲವೆಂದಲ್ಲ. ಯಾವ ಮಾತಿಗೆ ಆಧಾರವಿದೆ, ಯಾವುದು ಊರ ಬಾಯಿಮಾತು ಎಂದು ಬಿಡಿಸಿ ಹೇಳಲು ಬೇಕಾದ ಸಾಮಗ್ರಿ ಅವರ ಕೈಗೆ ಬಂದಿಲ್ಲ. ತೊಡಕು ಇರುವುದು ಅಲ್ಲಿ.

ಈ ಬಿಡಿಸುವ ಕೆಲಸಕ್ಕೆ ಬೇಕಾದ ಉಪಕರಣ ನಮ್ಮ ಭಾಷೆಯಲ್ಲೇ ಇದೆ. ‘ಬರೆದ’, ‘ಬರೆದನಂತೆ’, ‘ಬರೆದಿರಬೇಕು’. ಮೂರೂ ಬೇರೆ ಬೇರೆ ಮಾತು, ಐದನೆಯ ತರಗತಿಯ ಮಗುವಿಗೂ ಈ ವ್ಯತ್ಯಾಸ ಗೊತ್ತು. ಗದುಗಿನ ವೀರನಾರಾಯಣ ಗುಡಿಯನ್ನೇ ನೋಡಿ. ಕುಮಾರವ್ಯಾಸ ತನ್ನ ಕಾವ್ಯದಲ್ಲಿ ಗದುಗಿನ ವೀರನಾರಾಯಣನನ್ನು ನೆನೆದಿದ್ದಾನೆ. ಕಾವ್ಯ ತೆರೆದರೆ ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ‘ನೆನೆದಿದ್ದಾನೆ’. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕಂಬಕ್ಕೆ ಒರಗಿ, ಬಟ್ಟೆ ಆರುವ ತನಕ ಹಾಡಿದನಂತೆ. ಇದು ಊರವರ ಮಾತು, ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ, ಆದ್ದರಿಂದ ‘ಅಂತೆ’. ಹಾಗಿದ್ದರೆ ಆ ಗುಡಿ ಬರೀ ಪೂಜೆಯ ಜಾಗವಲ್ಲ, ಕಾವ್ಯ ಕೇಳುವ ಮಂದಿ ಕೂಡುವ ಜಾಗವೂ ಆಗಿದ್ದಿರಬೇಕು. ಇದು ನಮ್ಮ ಊಹೆ. ಅಜ್ಜಿ ಕತೆ ಹೇಳುವಾಗ ‘ಅಂತೆ’ಯನ್ನು ಎಲ್ಲಿ ಹಚ್ಚಬೇಕೋ ಅಲ್ಲಿ ಹಚ್ಚುತ್ತಾಳೆ. ಭಾಷಣ ಮಾಡುವವರು ಅದನ್ನು ಕಿತ್ತುಹಾಕುತ್ತಾರೆ. ತರಗತಿಯಲ್ಲಿ ಹೇಳುವ ಕತೆಗೆ ನಾವು ಕೇಳುವ ಮೊದಲ ಕಟ್ಟುಪಾಡು ಇದೊಂದೇ: ಕ್ರಿಯಾಪದದ ಕೊನೆಯಲ್ಲಿ ಪ್ರಾಮಾಣಿಕತೆ ಇರಬೇಕು. ಕತೆ ಮುಗಿದ ಮೇಲೆ ಮಕ್ಕಳು ‘ಅಂತೆ’ ಎಷ್ಟು ಸಲ ಬಂತು, ಎಲ್ಲಿ ಬಂತು ಎಂದು ಹೇಳುವಂತಾದರೆ ಪಾಠ ತಲುಪಿದೆ ಎಂದರ್ಥ.

ಒಂದು ಕತೆಗೆ ಒಂದು ಹಾಳೆ ಸಾಕು. ಎ4 ಹಾಳೆಯ ಒಂದು ಮಗ್ಗುಲಲ್ಲಿ ಮುನ್ನೂರು ಮುನ್ನೂರೈವತ್ತು ಪದದ ಕತೆ, ಇನ್ನೊಂದು ಮಗ್ಗುಲಲ್ಲಿ ಆಧಾರ: ಯಾವ ಶಾಸನ, ಯಾವ ದಾಖಲೆ, ಯಾವ ಬಾಯಿಮಾತು. ಕತೆಯಲ್ಲಿ ಹೆಸರಿರುವ ಮನುಷ್ಯರು ಮೂವರಿಗಿಂತ ಹೆಚ್ಚು ಬೇಡ, ಇಸವಿಗಳು ಎರಡೇ ಇರಲಿ. ಹನ್ನೆರಡು ನಿಮಿಷ ಹೇಳುವುದು, ಎಂಟು ನಿಮಿಷ ಮಕ್ಕಳ ಪ್ರಶ್ನೆ, ಹದಿನೈದು ನಿಮಿಷ ಕೈಕೆಲಸ, ಉಳಿದ ಐದು ನಿಮಿಷ ‘ಯಾವುದು ಅಂತೆ?’ ಎಂಬ ವಿಚಾರಣೆ. ಹನ್ನೆರಡು ನಿಮಿಷ ದಾಟಿದರೆ ಹಿಂದಿನ ಸಾಲು ಕೈತಪ್ಪುತ್ತದೆ. ಹೆಸರು ಹೆಚ್ಚಾದರೆ ಮಕ್ಕಳು ಕತೆ ಬಿಟ್ಟು ಹೆಸರು ಬಾಯಿಪಾಠಕ್ಕೆ ಹೊರಡುತ್ತಾರೆ.

ನರಗುಂದದ 1858ರ ಬಂಡಾಯವನ್ನು ಇದೇ ಅಳತೆಯಲ್ಲಿ ಹೇಳಬಹುದು. ಸುರುವಾಗಬೇಕಾದದ್ದು ‘ಬಾಬಾಸಾಹೇಬರು ಮಹಾನ್ ದೇಶಭಕ್ತರು’ ಎಂಬ ಸಾಲಿನಿಂದಲ್ಲ, ಕಿಟಕಿಯಿಂದ ಕಾಣುವ ನರಗುಂದದ ಗುಡ್ಡದಿಂದ. ಆ ಗುಡ್ಡದ ಕೋಟೆಯ ಒಡೆಯ ಭಾಸ್ಕರರಾವ್ ಭಾವೆ, ಮಂದಿ ಕರೆಯುತ್ತಿದ್ದದ್ದು ಬಾಬಾಸಾಹೇಬ. ಗಂಡುಮಕ್ಕಳಿಲ್ಲ, ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಿಗೆ ಕೊಡಲಿಲ್ಲ, ಮೇಲಾಗಿ ಆಯುಧ ಒಪ್ಪಿಸಬೇಕೆಂಬ ಒತ್ತಾಯ. ಇಲ್ಲಿ ಶಿಕ್ಷಕರು ನಿಲ್ಲಬೇಕು. ‘ಈಗ ಅವರ ಮುಂದೆ ಏನೇನು ದಾರಿ ಇದ್ದವು?’ ಎಂದು ಕೇಳಿ ಎರಡು ನಿಮಿಷ ಸುಮ್ಮನಿರಬೇಕು. ಅರ್ಜಿ ಬರೆಯಬಹುದಿತ್ತು, ಒಪ್ಪಿಸಿ ಪಿಂಚಣಿ ಪಡೆಯಬಹುದಿತ್ತು, ಬೇರೆ ಸಂಸ್ಥಾನದವರನ್ನು ಕೂಡಿಸಬಹುದಿತ್ತು. ಮಕ್ಕಳು ಹೇಳುವ ದಾರಿಗಳನ್ನೆಲ್ಲ ಹಲಗೆಯ ಮೇಲೆ ಬರೆದು, ಆಮೇಲೆ ಆದದ್ದನ್ನು ಹೇಳಬೇಕು: ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಕಂಪನಿ ಸರಕಾರದ ಅಧಿಕಾರಿ, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಮೊದಲೇ ಆಯ್ಕೆಗಳನ್ನು ಲೆಕ್ಕ ಹಾಕಿದ ಮಗುವಿಗೆ ಈ ಎರಡು ಸಾಲಿನ ಭಾರ ತಿಳಿಯುತ್ತದೆ.

ಕೈಕೆಲಸಕ್ಕೆ ಒಂದು ಹಗ್ಗ. ಮೇ 29ರಿಂದ ಜೂನ್ 12ರ ತನಕ ಹದಿನೈದು ದಿನ, ಹದಿನೈದು ಗಂಟು, ಗಂಟಿಗೂ ಗಂಟಿಗೂ ಒಂದು ಗೇಣು. ಮೊದಲ ಗಂಟಿಗೆ ಸುರೇಬಾನದ ಚೀಟಿ, ನಾಲ್ಕನೆಯದಕ್ಕೆ ಕೊಪ್ಪಳದ್ದು, ಏಕೆಂದರೆ ಜೂನ್ 1ರಂದು ಇದೇ ಬಂಡಾಯದ ಇನ್ನೊಬ್ಬ ಮುಂದಾಳು ಮುಂಡರಗಿ ಭೀಮರಾಯ ಕೊಪ್ಪಳ ಕೋಟೆಯಲ್ಲಿ ಹೋರಾಡುತ್ತ ಮಡಿದ. ಕೊನೆಯ ಗಂಟಿಗೆ ಬೆಳಗಾವಿ. ‘ಬಂಡಾಯ’ ಎಂದಾಗ ವರ್ಷಗಟ್ಟಲೆ ನಡೆದ ಯುದ್ಧವನ್ನು ಕಲ್ಪಿಸಿಕೊಳ್ಳುವ ಮಕ್ಕಳಿಗೆ, ಎಲ್ಲವೂ ಎರಡು ವಾರದಲ್ಲಿ ಮುಗಿಯಿತು ಎಂಬುದು ಹಗ್ಗ ಹಿಡಿದಾಗ ಗೊತ್ತಾಗುತ್ತದೆ. ಇಷ್ಟು ಬೇಗ ಏಕೆ ಮುಗಿಯಿತು ಎಂಬ ಪ್ರಶ್ನೆ ಅವರಿಂದಲೇ ಏಳುತ್ತದೆ.

ಇದೇ ಕತೆಯಲ್ಲಿ ಎರಡು ಎಡವುಗಳಿವೆ. ಮ್ಯಾನ್ಸನ್‌ನ ರುಂಡವನ್ನು ನರಗುಂದದ ಅಗಸೆ ಬಾಗಿಲಿಗೆ ತೂಗುಹಾಕಿದ ಸಂಗತಿಯನ್ನು ಎಂಟನೆಯ ತರಗತಿಯಿಂದ ಮೇಲೆ ಒಂದು ಸಾಲಿನಲ್ಲಿ ಹೇಳಿದರೆ ಸಾಕು; ಕೆಳಗಿನ ತರಗತಿಗೆ ಬೇಡ, ನಾಟಕವಾಗಿ ಆಡಿಸುವುದಂತೂ ಯಾವ ತರಗತಿಗೂ ಬೇಡ. ಇನ್ನೊಂದು, ಬಾಬಾಸಾಹೇಬರ ಬಾಯಲ್ಲಿ ಸಿನಿಮಾ ಸಂಭಾಷಣೆ ಹಾಕುವುದು. ಶಿಕ್ಷಕರು ಹುರುಪಿನಲ್ಲಿ ಹೇಳಿದ ಮಾತನ್ನು ಮಗು ಮುಂದಿನ ವಾರ ಉತ್ತರ ಪತ್ರಿಕೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆಯುತ್ತದೆ. ಮಾತು ಬೇಕೇ ಬೇಕೆಂದರೆ ದಾಖಲೆಯಲ್ಲಿ ಹೆಸರಿಲ್ಲದವರಿಗೆ ಮಾತು ಕೊಡಿ: ಕುದುರೆಗೆ ಹುಲ್ಲು ಹಾಕುವವನಿಗೆ, ಕೋಟೆಗೆ ನೀರು ಹೊರುವವಳಿಗೆ. ಅದು ಕಲ್ಪನೆ ಎಂದು ಮಕ್ಕಳಿಗೆ ಮೊದಲೇ ಹೇಳಿ. ಇದರಿಂದ ಇನ್ನೊಂದು ಉಪಕಾರವೂ ಇದೆ. ಕತೆ ಬರೀ ಒಡೆಯರದ್ದಾದರೆ ಆ ಮನೆತನದ, ಆ ಸಮುದಾಯದ ಮಕ್ಕಳು ಎದೆಯುಬ್ಬಿಸುತ್ತಾರೆ, ಉಳಿದವರು ನೋಡುತ್ತ ಕೂರುತ್ತಾರೆ. ಪ್ರತಿ ಹಾಳೆಯಲ್ಲೂ ಹೊತ್ತವರು, ಕೆತ್ತಿದವರು, ಉಣಿಸಿದವರು ಒಬ್ಬರಾದರೂ ಇರಲೇಬೇಕೆಂದು ದಯವಿಟ್ಟು ಆದೇಶದಲ್ಲೇ ಬರೆಯಿರಿ.

ಲಕ್ಕುಂಡಿಗೆ ಹೋದರೆ ಬೇರೆ ಬಗೆಯ ಕೆಲಸ. 1007ರ ಶಾಸನ, ಬ್ರಹ್ಮ ಜಿನಾಲಯ, ಅದನ್ನು ಕಟ್ಟಿಸಿದ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟರೆ, ಜೆರಾಕ್ಸ್ ಕಂಡ ಮಕ್ಕಳಿಗೆ ಸಾವಿರ ಏನೂ ಅನಿಸುವುದಿಲ್ಲ. ಒಂದು ಹಳಗನ್ನಡ ಪದ್ಯ ಕೊಟ್ಟು ತಪ್ಪಿಲ್ಲದೆ ನಕಲು ಮಾಡಲು ಹೇಳಿ, ಗಡಿಯಾರ ನೋಡಿ. ಆರು ನಿಮಿಷ ಹಿಡಿಯಿತು ಎನ್ನೋಣ. ಆ ಒಂದೇ ಪದ್ಯವನ್ನು ಸಾವಿರ ಸಲ ಬರೆಯಲು ನೂರು ತಾಸು. ಅದೂ ಪೆನ್ನಿನಿಂದ, ಕಾಗದದ ಮೇಲೆ. ತಾಳೆಗರಿಯನ್ನು ಹದ ಮಾಡಿ, ಕಂಠವೆಂಬ ಕಬ್ಬಿಣದ ಬರೆಯುವ ಕಡ್ಡಿಯಿಂದ ಕೊರೆದು, ಮಸಿ ತೀಡಿ, ತೂತು ಮಾಡಿ ದಾರ ಪೋಣಿಸುವ ಕೆಲಸ ಬೇರೆ. ಎಷ್ಟು ಮಂದಿ ಬರೆಯುವವರು ಬೇಕಾಗಿದ್ದಿರಬೇಕು, ಅವರಿಗೆ ಊಟ ಎಲ್ಲಿಂದ ಎಂದು ಮಕ್ಕಳೇ ಲೆಕ್ಕಕ್ಕೆ ಇಳಿಯುತ್ತಾರೆ. ‘ಲಕ್ಕುಂಡಿಯಲ್ಲಿ ನೂರಾ ಒಂದು ಗುಡಿ, ನೂರಾ ಒಂದು ಬಾವಿ’ ಎಂಬ ಮಾತೂ ಬರಲಿ, ‘ಇದ್ದವಂತೆ’ ಎಂದೇ ಬರಲಿ. ಈಗ ಕಣ್ಣಿಗೆ ಕಾಣುವವನ್ನು ಎಣಿಸುವುದು ಆ ದಿನದ ಹೊರಸಂಚಾರದ ಕೆಲಸ.

ದೊಡ್ಡ ಗುಡಿ ಇಲ್ಲದ ಊರುಗಳ ಶಿಕ್ಷಕರು ‘ನಮ್ಮೂರಲ್ಲಿ ಏನಿದೆ?’ ಎಂದು ಕೇಳುತ್ತಾರೆ. ನಮ್ಮ ಭಾಗದ ಬಹಳ ಊರುಗಳಲ್ಲಿ ಹನುಮಪ್ಪನ ಗುಡಿಯ ಕಟ್ಟೆಗೋ, ಕೆರೆಯ ದಂಡೆಗೋ ಒರಗಿಸಿಟ್ಟ ಒಂದು ವೀರಗಲ್ಲು ಇರುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗಪೂಜೆ, ನೆತ್ತಿಗೆ ಸೂರ್ಯ ಚಂದ್ರ. ಕೆಳಗೆ ಆಕಳುಗಳು ಕಂಡರೆ ಅದು ತುರುಗೊಳ್, ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲು. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಮಾಸ್ತಿಕಲ್ಲು, ಸತಿ ಹೋದವಳ ಕಲ್ಲು. ಅದರ ಅರ್ಥವನ್ನು ಮೇಲಿನ ತರಗತಿಗೆ ನೇರವಾಗಿ ಹೇಳಿ, ವೈಭವೀಕರಿಸಬೇಡಿ. ಅಕ್ಷರಗಳಿದ್ದರೆ ಖಡುವಿನಿಂದ (ಸೀಮೆಸುಣ್ಣದಿಂದ) ತೀಡುವುದು, ಎಣ್ಣೆ ಸವರುವುದು, ಸುಣ್ಣ ಬಳಿಯುವುದು ಬೇಡ. ಕಲ್ಲಿನ ರಂಧ್ರಗಳಲ್ಲಿ ಅದು ಕೂತು ಅಕ್ಷರದ ಅಂಚು ಮುಚ್ಚಿಹೋಗುತ್ತದೆ, ತಿಕ್ಕಿ ತೊಳೆಯಲು ಹೋದರೆ ಅಂಚೇ ಸವೆಯುತ್ತದೆ. ಮುಂಜಾನೆಯ ಓರೆಬಿಸಿಲಿನಲ್ಲಿ, ಇಲ್ಲವೇ ಮೊಬೈಲ್ ಟಾರ್ಚನ್ನು ಮಗ್ಗುಲಿನಿಂದ ಹಿಡಿದು ನೋಡಿದರೆ ನೆರಳೇ ಅಕ್ಷರವನ್ನು ಎತ್ತಿ ತೋರಿಸುತ್ತದೆ. ಶಕವರ್ಷ ಸಿಕ್ಕರೆ 78 ಕೂಡಿಸಬೇಕು, ಜನವರಿಯಿಂದ ಯುಗಾದಿಯ ತನಕದ ದಿನವಾದರೆ 79. ಶಕ 929 ಎಂದರೆ 1007. ಗಣಿತದ ಶಿಕ್ಷಕರೂ ಜೊತೆಗಿದ್ದರೆ ಒಳ್ಳೆಯದು.

ಹತ್ತಿರದ ಇತಿಹಾಸವೂ ಬೇಕು. ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದನ್ನು ಬಡ್ಡಿಯ ಲೆಕ್ಕದ ಜೊತೆಗೇ ಹೇಳಬಹುದು. 1980ರ ಜುಲೈ 21ರ ರೈತ ಬಂಡಾಯಕ್ಕೆ ಹೆಚ್ಚು ಜಾಗ್ರತೆ ಬೇಕು. ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನು ಸುಧಾರಿಸಿತೆಂದು ಹಾಕಿದ ಕರ), ನರಗುಂದ ಮತ್ತು ನವಲಗುಂದದ ಗೋಲಿಬಾರ್, ಇವನ್ನೆಲ್ಲ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮಕ್ಕಳು ಹಿರಿಯರನ್ನು ಮಾತಾಡಿಸುವಾಗ ಮೊದಲ ಪ್ರಶ್ನೆ ‘ಅಜ್ಜಾ, ಇದನ್ನ ನೀವು ಕಣ್ಣಾರೆ ಕಂಡ್ರೋ, ಯಾರಾದ್ರೂ ಹೇಳಿದ್ದು ಕೇಳಿದ್ರೋ?’ ಎಂದಿರಬೇಕು. ಒಬ್ಬರನ್ನಲ್ಲ, ಇಬ್ಬರನ್ನು ಕೇಳಬೇಕು. ಇಬ್ಬರ ಮಾತು ಎಲ್ಲಿ ಕೂಡುವುದಿಲ್ಲವೋ ಅದನ್ನೂ ಬರೆದುಕೊಳ್ಳಬೇಕು, ಸರಿಪಡಿಸಬಾರದು. ಸಾವಾದ ಮನೆಗಳಿಗೆ ಮಕ್ಕಳನ್ನು ಪ್ರಶ್ನೆ ಪಟ್ಟಿ ಹಿಡಿಸಿ ಕಳಿಸುವುದು ಬೇಡವೇ ಬೇಡ.

ಕಲಾವಿದರ ವಿಷಯ. ಗೀಗೀ ಮೇಳದವರು ದಪ್ಪು, ತುಂತುಣಿ, ತಾಳ ಹಿಡಿದು ಅರ್ಧ ತಾಸಿನಲ್ಲಿ ಮುಟ್ಟಿಸುವುದನ್ನು ಪುಸ್ತಕ ಒಂದು ವಾರದಲ್ಲೂ ಮುಟ್ಟಿಸುವುದಿಲ್ಲ. ಸುಗ್ಗಿ ಮುಗಿದ ಮೇಲೆ ಮನೆತನದ ವಂಶಾವಳಿ ಹೇಳುತ್ತ ಬರುವ ಹೆಳವರೂ ಶಾಲೆಯ ಅಂಗಳಕ್ಕೆ ಬರಬೇಕು. ಆದರೆ ಶಾಲು ಹೊದಿಸಿ ಫೋಟೊ ತೆಗೆಸಿಕೊಂಡು ಬಸ್‌ಸ್ಟ್ಯಾಂಡಿಗೆ ಕಳಿಸುವುದು ಅವರ ವಿದ್ಯೆಗೆ ಮಾಡುವ ಅವಮಾನ. ಪ್ರಯಾಣದ ಖರ್ಚು ಬೇರೆ, ಸಂಭಾವನೆ ಬೇರೆ. ಎರಡೂ ಅದೇ ದಿನ ಕೈಗೆ ಸಿಗುವಂತೆ ಶಾಲಾ ಅನುದಾನದಿಂದ ಖರ್ಚು ಮಾಡಲು ಮುಖ್ಯ ಶಿಕ್ಷಕರಿಗೆ ಲಿಖಿತ ಅನುಮತಿ ಬೇಕು. ಲಾವಣಿ ಹೊಗಳುವ ಹಾಡು, ಅದರ ಧರ್ಮವೇ ಅದು. ಹಾಡಿದ ಮೇಲೆ ಅದರಲ್ಲಿ ‘ಅಂತೆ’ ಯಾವುದು ಎಂದು ಶಿಕ್ಷಕರು ಮಕ್ಕಳೊಡನೆ ಕೂತು ನೋಡಲೇಬೇಕು. ಪೂರ್ತಿ ಬಾಯಿಪಾಠ ಮಾಡಿಸಬೇಡಿ, ಎಂಟು ಸಾಲು ಸಾಕು.

ಹಾಳೆಗಳನ್ನು ಯಾರು ಬರೆಯಬೇಕು? ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ನಾಲ್ಕು ಶಿಕ್ಷಕರು, ವರ್ಷಕ್ಕೆ ಹತ್ತು ಹಾಳೆ. 1884ರ ಧಾರವಾಡ ಗ್ಯಾಝೆಟಿಯರ್‌ನಲ್ಲಿ ಊರಿನ ಹೆಸರಿನ ಕೆಳಗೆ ಮಾಹಿತಿ ಇದೆ. ಅದು ಬ್ರಿಟಿಷ್ ಅಧಿಕಾರಿಗಳ ಕಣ್ಣಿನಿಂದ ಬರೆದದ್ದು ಎಂಬ ಎಚ್ಚರ ಇರಲಿ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ ನಮ್ಮ ಭಾಗದ ಶಾಸನಗಳ ಪಾಠಗಳಿವೆ. 1939ರಲ್ಲಿ ಸುರುವಾಗಿ ಈಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿರುವ ಕನ್ನಡ ಸಂಶೋಧನ ಸಂಸ್ಥೆ ಗದಗದಿಂದ ಎರಡು ತಾಸಿನ ದಾರಿ. ಬರೆದ ಹಾಳೆಯನ್ನು ಶಾಸನ ಬಲ್ಲ ಒಬ್ಬರು ನೋಡಿ ಸಹಿ ಹಾಕಿದ ಮೇಲೆಯೇ ಅದು ಬೇರೆ ಶಾಲೆಗೆ ಹೋಗಲಿ. ವಾಟ್ಸಾಪಿನಲ್ಲಿ ಬಂದ ‘ನಮ್ಮೂರ ಇತಿಹಾಸ’ ಹಾಗೆಯೇ ಹಾಳೆಯಾಗದಂತೆ ತಡೆಯಲು ಬೇರೆ ದಾರಿಯಿಲ್ಲ.

ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ) ಎರಡು ದಿನದ ತರಬೇತಿ ಬೇಕಾಗುತ್ತದೆ. ಅದರಲ್ಲಿ ಪಿಪಿಟಿ ಬೇಡ. ಪ್ರತಿ ಶಿಕ್ಷಕರೂ ಎದ್ದು ನಿಂತು ಒಂದು ಕತೆಯನ್ನು ಹಾಳೆ ನೋಡದೆ, ಆಡುಮಾತಿನಲ್ಲಿ, ಹನ್ನೆರಡು ನಿಮಿಷದೊಳಗೆ ಹೇಳಬೇಕು, ಉಳಿದವರು ‘ಅಂತೆ’ ಎಣಿಸಬೇಕು. ಗ್ರಂಥದ ಭಾಷೆಯಲ್ಲಿ ಹೇಳಿದ ಕತೆ ಮಕ್ಕಳ ಕಿವಿಗೆ ಇನ್ನೊಂದು ಪಾಠವಾಗಿಬಿಡುತ್ತದೆ. ಹೊರಸಂಚಾರ ನವೆಂಬರಿನಿಂದ ಜನವರಿಯೊಳಗೆ, ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ. ಮಾರ್ಚಿನ ಬಿಸಿಲಿನಲ್ಲಿ ನರಗುಂದದ ಗುಡ್ಡ ಹತ್ತಿಸುವುದು ತರವಲ್ಲ. ಮಕ್ಕಳು ಕಟ್ಟಿದ ಹಗ್ಗ, ಬರೆದುಕೊಂಡ ಸಂದರ್ಶನ, ಎಣಿಸಿದ ಪಟ್ಟಿ, ಇವನ್ನೇ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಒಪ್ಪಿಕೊಳ್ಳಿ. ಪ್ರತ್ಯೇಕ ವರದಿ, ಫೋಟೊ, ಪ್ರಮಾಣಪತ್ರ ಕೇಳಬೇಡಿ. ಫೋಟೊ ಕೇಳಿದ ದಿನದಿಂದ ಕೆಲಸ ಫೋಟೊಕ್ಕಾಗಿ ನಡೆಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಶಾಲೆಗಳು ಬಾಗಿಲು ತೆರೆಯುತ್ತಿರುವುದು ಮೇ 29ರ ಆಸುಪಾಸಿನಲ್ಲಿ. ಆ ವಾರವೇ ಹಗ್ಗದ ಮೊದಲ ಗಂಟು ಬೀಳಬೇಕಾದರೆ ಆದೇಶ ಏಪ್ರಿಲ್ ಹತ್ತರೊಳಗೆ, ರಜೆ ಸುರುವಾಗುವ ಮುನ್ನ, ಶಿಕ್ಷಕರ ಕೈ ಸೇರಬೇಕು. ನರಗುಂದ, ಮುಂಡರಗಿ ಮತ್ತು ಲಕ್ಕುಂಡಿಯ ಮೂರು ಮಾದರಿ ಹಾಳೆಗಳನ್ನು ಆಧಾರಗಳ ಸಮೇತ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇತಿ ನಮಸ್ಕಾರಗಳೊಂದಿಗೆ,
ಗದಗ ಜಿಲ್ಲೆಯ ಕೆಲವು ಸಮಾಜ ವಿಜ್ಞಾನ ಮತ್ತು ಕನ್ನಡ ಶಿಕ್ಷಕರು