ಅಳತೆಯೇ ಮಾಡದೆ ಸೋಲಾರ್ ಅರ್ಜಿ ತಿರಸ್ಕರಿಸಿದ ಬಗ್ಗೆ ದೂರು

ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರಿಗೆ,
ವಿದ್ಯುತ್ ವಿತರಣಾ ಕಂಪನಿಯ ಉಪವಿಭಾಗ ಕಚೇರಿ

ವಿಷಯ: ರೈಸ್ ಮಿಲ್ ಚಾವಣಿಯ 15 ಕಿಲೋವ್ಯಾಟ್ ಸೋಲಾರ್‌ಗೆ ಗ್ರಿಡ್ ಸಂಪರ್ಕ

ಮಾನ್ಯರೇ,

ನಮ್ಮದು ಮಂಡ್ಯ ತಾಲ್ಲೂಕಿನಲ್ಲಿ ನಾಲೆ ಏರಿ ಪಕ್ಕದ ಸಣ್ಣ ರೈಸ್ ಮಿಲ್. ಮಂಜೂರಾದ ಲೋಡ್ 25 ಎಚ್‌ಪಿ. ಶೀಟ್ ಮೇಲೆ 15 ಕಿಲೋವ್ಯಾಟ್ ಸೋಲಾರ್ ಹಾಕಿಸಲು ಅರ್ಜಿ ಕೊಟ್ಟಿದ್ದೆ. ತಿಂಗಳು ದಾಟಿದ ಮೇಲೆ ನಿಮ್ಮಿಂದ ಬಂದ ಉತ್ತರ ಒಂದೇ ಸಾಲು: ‘ತಾಂತ್ರಿಕವಾಗಿ ಸಾಧ್ಯವಿಲ್ಲ’. ಕಾರಣ ಬರೆದಿಲ್ಲ. ಕಚೇರಿಗೆ ಬಂದು ಕೇಳಿದರೆ ‘ಟಿಸಿ (ಟ್ರಾನ್ಸ್‌ಫಾರ್ಮರ್) ಓವರ್‌ಲೋಡ್’ ಅಂತ ಬಾಯಿಮಾತಲ್ಲಿ ಹೇಳಿದರು.

ಪರಿಶೀಲನೆ ಹೇಗೆ ನಡೆಯಿತು ಅಂತ ನಾನೇ ನೋಡಿದ್ದೇನೆ. ನಿಮ್ಮ ಸಿಬ್ಬಂದಿ ಬೈಕಲ್ಲಿ ಬಂದರು, ಟಿಸಿಯ ನೇಮ್ ಪ್ಲೇಟ್ ಫೋಟೊ ತೆಗೆದುಕೊಂಡರು, ಹೋದರು. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಅವರನ್ನು ದೂರುತ್ತಿಲ್ಲ. ಅವರಿಗೆ ಹೇಳಿ ಕಳಿಸಿದ್ದೇ ಅಷ್ಟು ಅಂತ ಕಾಣುತ್ತೆ.

ನಾನು ಹೊಸ ಮೋಟಾರ್‌ಗೆ ಕರೆಂಟ್ ಕೇಳಿದ್ದರೆ ಓವರ್‌ಲೋಡ್ ಅನ್ನುವ ಮಾತು ಒಪ್ಪುತ್ತಿದ್ದೆ. ಹಗಲು ಪಂಪ್‌ಸೆಟ್‌ಗಳು ಓಡುವಾಗ ನಮ್ಮ ಪ್ಯಾನೆಲ್ ಬೋರ್ಡಿನ ವೋಲ್ಟ್‌ಮೀಟರ್ 400 ಇರಬೇಕಾದ ಕಡೆ 360ಕ್ಕೆ ಇಳಿಯುತ್ತೆ. ಭತ್ತದ ಹೊಟ್ಟು ತೆಗೆಯುವ ಹಲ್ಲರ್‌ನ ಮೋಟಾರ್ ಕೈ ಇಡಲಾಗದಷ್ಟು ಬಿಸಿಯಾಗುತ್ತೆ. ಅದೇ ಹೊತ್ತಿಗೆ ಸೋಲಾರ್ ಕರೆಂಟ್ ಮಿಲ್ಲಿಗೇ ಬಳಕೆಯಾದರೆ ಟಿಸಿಯ ಹೊರೆ ಇಳಿಯುತ್ತೆ, ಅಲ್ವಾ?

ನೋಡಬೇಕಾದ್ದು ಮಿಲ್ ಬಂದ್ ಇರುವ ದಿನದ ಮಧ್ಯಾಹ್ನವನ್ನ. ಪಂಪ್‌ಸೆಟ್‌ಗಳೂ ನಿಂತಿದ್ದರೆ ಉತ್ಪಾದನೆಯೆಲ್ಲ ಲೈನಿಗೇ ಹರಿದು ಲೈನಿನ ತುದಿಯಲ್ಲಿ ವೋಲ್ಟೇಜ್ ಏರುತ್ತೆ. ಮಿತಿ ಮೀರಿದರೆ ಸೋಲಾರ್ ಕರೆಂಟನ್ನು ಲೈನಿಗೆ ಹೊಂದಿಸುವ ಇನ್ವರ್ಟರ್ ಟ್ರಿಪ್ ಆಗುತ್ತೆ. ಎಷ್ಟು ಏರುತ್ತೆ ಅಂತ ತಿಳಿಯಲು ಟಿಸಿಯಿಂದ ಮಿಲ್‌ವರೆಗಿನ ದೂರ, ತಂತಿಯ ದಪ್ಪ, ಆ ಹೊತ್ತಿನ ಕನಿಷ್ಠ ಲೋಡ್, ಅದೇ ಟಿಸಿಗೆ ಈಗಾಗಲೇ ಸೇರಿರುವ ಸೋಲಾರ್, ಇಷ್ಟೂ ಬೇಕು. ಒಂದನ್ನೂ ಅಳೆದಿಲ್ಲ. ಸುಮ್ನೆ ಸಹಿ ಬಿದ್ದಿದೆ.

ಲೈನ್ ಆಫ್ ಮಾಡಿ ಕಂಬ ಹತ್ತಿದಾಗ ಸೋಲಾರ್ ಕರೆಂಟ್ ವಾಪಸ್ ಬಂದರೆ ಅಂತ ಲೈನ್‌ಮನ್ ಕೇಳಿದ್ದರು. ಕೇಳಲೇಬೇಕಾದ ಪ್ರಶ್ನೆ. ಗ್ರಿಡ್ ಹೋದ ಕೂಡಲೇ ಈ ಇನ್ವರ್ಟರ್ ನಿಲ್ಲುತ್ತೆ. ನಿಮ್ಮವರೇ ಮುಂದೆ ನಿಂತು ಪರೀಕ್ಷೆ ಮಾಡಲಿ.

ಗ್ರಾಹಕರ ಹಕ್ಕುಗಳ ಕುರಿತ ಕೇಂದ್ರದ ವಿದ್ಯುತ್ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ತಿದ್ದುಪಡಿ ಬಂದಿದೆ. ಚಾವಣಿ ಸೋಲಾರ್ 10 ಕಿಲೋವ್ಯಾಟ್‌ವರೆಗೆ ಇದ್ದರೆ ಈ ಪರಿಶೀಲನೆಯೇ ಬೇಕಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ 15 ದಿನದೊಳಗೆ ಮುಗಿಸಬೇಕು, ಮುಗಿಸದಿದ್ದರೆ ಅರ್ಜಿ ಒಪ್ಪಿದಂತೆಯೇ ಲೆಕ್ಕ. ನಿಮ್ಮ ಉತ್ತರ ಬರುವ ಹೊತ್ತಿಗೆ ಆ ಗಡುವು ಯಾವಾಗಲೋ ಮುಗಿದಿತ್ತು.

ಆದ್ದರಿಂದ ತಿರಸ್ಕಾರ ಹಿಂಪಡೆದು, ಲೈನಿಂದ ಪಡೆದ ಮತ್ತು ಲೈನಿಗೆ ಬಿಟ್ಟ ಕರೆಂಟ್ ಎರಡನ್ನೂ ಲೆಕ್ಕ ಹಾಕುವ ನೆಟ್ ಮೀಟರ್ ಜೋಡಿಸಿ. ಅನುಮಾನ ಇದ್ದರೆ ಅಳತೆಗೆ ದಿನ ಹೇಳಿ, ಮಿಲ್ ಬಂದ್ ಮಾಡಿರುತ್ತೇನೆ. ವೋಲ್ಟೇಜ್ ನಿಜವಾಗಿ ಏರುವುದಾದರೆ ಲೈನಿಗೆ ಬಿಡುವ ಕರೆಂಟಿಗೆ ಇನ್ವರ್ಟರ್‌ನಲ್ಲಿ ಮಿತಿ ಹಾಕಲು ನನ್ನ ತಕರಾರಿಲ್ಲ. ಏನೇ ಹೇಳುವುದಿದ್ದರೂ ಅಂಕಿ ಸಮೇತ ಬರವಣಿಗೆಯಲ್ಲಿ ಕೊಡಿ. ಇಲ್ಲದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗುತ್ತೇನೆ. ಅರ್ಜಿಯ ಪ್ರತಿ ಮತ್ತು ಆರ್‌ಆರ್ ನಂಬರ್ ಲಗತ್ತಿಸಿದ್ದೇನೆ.

ಇಂತಿ,
ರೈಸ್ ಮಿಲ್ ಮಾಲೀಕ, ಮಂಡ್ಯ ತಾಲ್ಲೂಕು